ಅಡಿವೆಪ್ಪತನ

ಅಡಿವೆಪ್ಪತನ ಎಂಬ ಮಾತು ಯಾವ ನಿಘಂಟಿನಲ್ಲೂ ಇಲ್ಲ, ಹುಡುಕಿ ಕಣ್ಣು ಕೆಡಿಸಿಕೊಳ್ಳಬೇಡಿ. ನಮ್ಮೂರಿನಲ್ಲಿ ಮಾತ್ರ ಅದು ಎಲ್ಲರ ಬಾಯಲ್ಲೂ ಇದೆ. ಬ್ಯಾಂಕಿಗೂ ಮನುಷ್ಯರಿಗೂ ತಂಟೆ ಬಿದ್ದಾಗ ಯಾವನು ಮನುಷ್ಯರನ್ನು ಬಿಟ್ಟು ಬ್ಯಾಂಕಿನ ಕಡೆ ವಾಲುತ್ತಾನೋ ಅವನು ಅಡಿವೆಪ್ಪತನ ಮಾಡಿದ ಅನ್ನುತ್ತೇವೆ. ಮೊನ್ನೆ ವರ್ಗವಾಗಿ ಬಂದ ಮಾಸ್ತರನೊಬ್ಬ ಇದು ಅಡವಿಗೆ ಸಂಬಂಧಪಟ್ಟ ಹಳೆಯ ಪದವಿರಬೇಕು ಎಂದು ಹುಡುಗರಿಗೆ ಪಾಠ ಮಾಡಿದನಂತೆ. ಅವನ ತಲೆ! ಅಡಿವೆಪ್ಪ ಎಂದರೆ ಸೈಕಲ್ ಅಂಗಡಿಯ ಅಡಿವೆಪ್ಪ. ಅವನ ಒಬ್ಬಳೇ ಮಗಳು ದುಂಡವ್ವ ನನ್ನ ಗೆಳತಿ. ಆ ಮಾತು ಹುಟ್ಟಿದ ಹೊತ್ತಿನಲ್ಲಿ ನಾನು ಅವಳ ಎಡಕ್ಕೆ ಊಟಕ್ಕೆ ಕೂತಿದ್ದೆ. ಹಾಗಾಗಿ ಈ ವಿಷಯದಲ್ಲಿ ಯಾವ ಪಂಡಿತನೂ ನನಗೆ ಬುದ್ಧಿ ಹೇಳಬೇಕಾಗಿಲ್ಲ.

ನಮ್ಮೂರಿನ ನೆಲ ನೆಂಟರ ಗೋಡೆಯನ್ನಷ್ಟೇ ಹೊರುತ್ತದೆ. ಊರಿನವರೊಂದಿಗೆ ರಕ್ತದ ಸಂಬಂಧವೋ ಲಗ್ನದ ಸಂಬಂಧವೋ ಇಲ್ಲದವರು ಕಟ್ಟಿದ ಗೋಡೆ ಇಲ್ಲಿ ನಿಲ್ಲುವುದಿಲ್ಲ, ಸಿಮೆಂಟು ಎಷ್ಟು ಬೇಕಾದರೂ ಸುರಿಯಲಿ. ಅದಕ್ಕೇ ನಮ್ಮ ಪೋಸ್ಟ್ ಆಫೀಸು ಬೇವಿನ ಮರದ ಬುಡದಲ್ಲಿ ನಡೆಯುತ್ತದೆ. ಮಳೆ ಬಂದರೆ ಪೋಸ್ಟ್‌ಮಾಸ್ತರರು ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಠಸ್ಸೆ ಹೊಡೆಯುತ್ತಾರೆ. ಪೊಲೀಸ್ ಠಾಣೆ ನಿಂತದ್ದು ಹಿಂದಿನ ಫೌಜದಾರ ನಮ್ಮ ಬಣಗಾರರ ಹುಡುಗಿಯನ್ನು ಮದುವೆಯಾದ ಮೇಲೆ. ಆ ಗಂಡ ಹೆಂಡತಿ ಜಗಳ ಆಡಿದಾಗಲೆಲ್ಲ ಲಾಕಪ್ಪಿನ ಗೋಡೆ ಬಿರಿದು ಕಳ್ಳರು ಬೀದಿಗೆ ಬರುತ್ತಿದ್ದರು. ಆಕೆಯೇ ಅವರನ್ನು ಕರೆದು, ಚಹಾ ಕುಡಿಸಿ, ಗಂಡನ ಮೇಲಿನ ಸಿಟ್ಟು ಇಳಿದ ಮೇಲೆ ಒಳಗೆ ಕಳಿಸುತ್ತಿದ್ದಳು. ಕಳ್ಳರೂ ಮರ್ಯಾದಸ್ಥರು, ಕಪ್ಪು ಬಸಿ ತೊಳೆದಿಟ್ಟು ಹೋಗುತ್ತಿದ್ದರು.

ಇಂಥ ಊರಿಗೆ ಬ್ಯಾಂಕು ಬಂತು. ಪಕ್ಕದ ಊರಿಗೆ ಬಂದಿತ್ತು, ಹಾಗಾಗಿ ನಮಗೂ ಬೇಕಾಗಿತ್ತು. ಬಾಡಿಗೆ ಮನೆಯಲ್ಲಿ ಇರಿ ಎಂದರೆ ಅವರ ದೊಡ್ಡ ಆಫೀಸಿನವರು ಒಪ್ಪಲಿಲ್ಲ, ಸ್ವಂತ ಗೋಡೆಯೇ ಆಗಬೇಕಂತೆ. ಕಟ್ಟಿದರು, ಬಿತ್ತು. ಮತ್ತೆ ಕಟ್ಟಿದರು, ಮತ್ತೆ ಬಿತ್ತು. ಎಂಜಿನಿಯರ್ ಸಾಹೇಬರು ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಪರೀಕ್ಷೆಗೆ ಒಯ್ದವರು ತಿರುಗಿ ಬರಲೇ ಇಲ್ಲ. ಕೊನೆಗೆ ನಮ್ಮ ಹಿರಿಯರಾದ ಮುದಿಗೌಡರೇ ಕಟ್ಟೆಯ ಮೇಲೆ ಕೂತು ದಾರಿ ತೋರಿಸಿದರು. “ಗ್ವಾಡಿ ನಿಂದ್ರಬೇಕಂದ್ರ ಸಂಬಂಧ ಬೆಳಸಬೇಕು. ಬ್ಯಾಂಕಿಗೆ ಒಂದ ಕನ್ಯಾ ಕೊಡ್ರಿ.” ಮಗಳಿದ್ದವರೆಲ್ಲ ಆಕಾಶ ನೋಡತೊಡಗಿದರು. ಅಡಿವೆಪ್ಪ ಮಾತ್ರ ಎದ್ದು ನಿಂತ.

ಅವನನ್ನು ಬಯ್ಯುವುದು ಸುಲಭ. ಆದರೆ ಅವನು ಅಂದು ಹೇಳಿದ ಮಾತು ಕೇಳಿ ಎಷ್ಟೋ ಹೆಂಗಸರು ಒಳಗೊಳಗೇ ಹೌದಲ್ಲ ಅಂದುಕೊಂಡದ್ದು ನನಗೆ ಗೊತ್ತು. “ಕುಡಿಯೂದಿಲ್ಲ, ಬಡಿಯೂದಿಲ್ಲ, ವರದಕ್ಷಿಣಿ ಕೇಳೂದಿಲ್ಲ. ಅತ್ತಿ ಇಲ್ಲ, ನಾದಿನಿ ಇಲ್ಲ. ಐತವಾರ ಸೂಟಿ. ಇಂಥಾ ವರ ನಿಮ್ಮ ಅಪ್ಪನ ಕಾಲಕ್ಕ ಎಲ್ಯರ ಸಿಕ್ಕಿತ್ತೇನು?” ಎಂದು ಕೇಳಿದ. ದುಂಡವ್ವನನ್ನು ಕೇಳಿದಾಗ ಅವಳು ನಕ್ಕುಬಿಟ್ಟಳು. ತಾಯಿ ಸತ್ತ ಮೇಲೆ ಅಪ್ಪನಿಗೆ ರೊಟ್ಟಿ ಬಡಿದು ಹಾಕುತ್ತ, ಪಂಕ್ಚರ್ ಹಾಕುತ್ತ ಬೆಳೆದ ಹುಡುಗಿ, ಒಳ್ಳೆ ಮಾತಿನ ಮಲ್ಲಿ. ಅಪ್ಪ ಊರ ಮುಂದೆ ಎದೆ ಉಬ್ಬಿಸಿ ನಿಂತದ್ದನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಅಪ್ಪನ ಆ ಮೋರೆ ನೋಡಿ ಆಗಲಿ ಅಂದಳು.

ಮದುವೆ ಬ್ಯಾಂಕಿನ ಜೊತೆಗೇ ಆಗಬೇಕಿತ್ತು. ಆಗಿನ ಮ್ಯಾನೇಜರನಿಗೆ ಹೆಂಡತಿ ಇದ್ದಳು, ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಾಗಾಗಿ ದೊಡ್ಡ ಆಫೀಸಿನಿಂದ ಬಂದಿದ್ದ ಮ್ಯಾನೇಜರನ ಚಕ್ರದ ಕುರ್ಚಿಯನ್ನೇ ವರ ಎಂದು ಗೊತ್ತು ಮಾಡಿದರು. ಮ್ಯಾನೇಜರುಗಳು ಬರುತ್ತಾರೆ, ಹೋಗುತ್ತಾರೆ, ಕುರ್ಚಿ ಇದ್ದಲ್ಲೇ ಇರುತ್ತದೆ ಎಂದು ಮುದಿಗೌಡರು ವಾದಿಸಿದ್ದಕ್ಕೆ ಯಾರೂ ಎದುರಾಡಲಿಲ್ಲ. ಕುರ್ಚಿಯ ತಲೆಗೆ ಬಾಸಿಂಗ ಕಟ್ಟಿ, ಹೆಗಲಿಗೆ ಶಲ್ಯ ಹೊದಿಸಿ, ವಾಲಗದವರ ಹಿಂದೆ ಉರುಳಿಸಿಕೊಂಡು ಬಂದರು. ಇಳಿಜಾರಿನಲ್ಲಿ ವರ ಎಲ್ಲರನ್ನೂ ಬಿಟ್ಟು ಮುಂದೆ ಓಡಿಹೋಗಿ ಬಳೆಗಾರನ ಅಂಗಡಿಗೆ ನುಗ್ಗಿದ. ತಾಳಿಯನ್ನು ಕುರ್ಚಿಯ ಕೈಗೆ ಮುಟ್ಟಿಸಿ, ಊರಿಗೇ ಹಿರಿಯಳಾದ ಬಸಲಿಂಗಜ್ಜಿ ಅದರ ಪರವಾಗಿ ಕಟ್ಟಿದಳು. ಆಮೇಲೆ ಕಟ್ಟಿದ ಗೋಡೆ ಬಂಡೆಯ ಹಾಗೆ ನಿಂತಿತು. ಬ್ಯಾಂಕಿನ ಹಿಂದಿನ ಎರಡು ಕೋಣೆಗಳಲ್ಲಿ ದುಂಡವ್ವ ಒಲೆ ಹೂಡಿದಳು.

ಮೊದಮೊದಲು ಅವಳಿಗೆ ಗಮ್ಮತ್ತೇ ಗಮ್ಮತ್ತು. ಮ್ಯಾನೇಜರುಗಳೆಲ್ಲ ಮೈದುನಂದಿರಾದರು, ಅವಳನ್ನು ವೈನಿ ವೈನಿ ಎಂದು ಕರೆದರು. ಬ್ಯಾಂಕಿನ ಬಾಗಿಲಿಗೆ ಅವಳು ರಂಗೋಲಿ ಹಾಕದೆ ಶಟರ್ ಮೇಲೇಳುತ್ತಿರಲಿಲ್ಲ. ಅರ್ಜಿ ತಿರಸ್ಕಾರವಾದವರು ಹಿತ್ತಲ ಬಾಗಿಲಿಗೆ ಬಂದು, “ವೈನಿ, ಯಜಮಾನ್ರಿಗೆ ನೀವರ ಒಂದ ಮಾತ ಹೇಳ್ರಿ” ಎಂದು ಕೈ ಮುಗಿಯುತ್ತಿದ್ದರು. ಬ್ಯಾಂಕು ಮುಚ್ಚಿದ ಮೇಲೆ ಅವಳು ಕುರ್ಚಿಯ ಮೇಲೆ ಕೂತು ಗಿರಗಿರ ತಿರುಗುತ್ತಿದ್ದಳು, ನನ್ನನ್ನೂ ತಿರುಗಿಸುತ್ತಿದ್ದಳು. ಗೆಳತಿಯ ಗಂಡನ ಮೇಲೆ ಕೂರುವುದು ಸರಿಯೇ ಎಂದು ನಾನು ಹಿಂದೆಮುಂದೆ ನೋಡಿದರೆ, “ಕುಂದ್ರ, ಅವಗೇನ ಗೊತ್ತಾಗೂದಿಲ್ಲ” ಅನ್ನುತ್ತಿದ್ದಳು.

ಆ ಮಾತನ್ನೇ ಅವಳು ಕೆಲವು ವರ್ಷಗಳಾದ ಮೇಲೆ ಬೇರೆ ದನಿಯಲ್ಲಿ ಹೇಳತೊಡಗಿದಳು. ಹಬ್ಬಕ್ಕೆ ಹೊಸ ಸೀರೆ ಉಟ್ಟರೂ ಅವನಿಗೇನೂ ಗೊತ್ತಾಗುವುದಿಲ್ಲ, ಜ್ವರ ಬಂದು ಬಿದ್ದರೂ ಗೊತ್ತಾಗುವುದಿಲ್ಲ. ನಳದ ಹತ್ತಿರ ನಾವೆಲ್ಲ ಕೊಡ ಇಟ್ಟುಕೊಂಡು ಗಂಡಂದಿರ ಮಾನ ಹರಾಜು ಹಾಕುತ್ತಿದ್ದರೆ ಅವಳಿಗೆ ಹೇಳಲು ಒಂದು ತಕರಾರೂ ಇರುತ್ತಿರಲಿಲ್ಲ. ನನ್ನ ಗಂಡ ಗೊರಕೆ ಹೊಡೆದು ಜೀವ ತಿನ್ನುತ್ತಾನೆ ಎಂದು ನಾನು ಅಂದಾಗ, “ನಿನ್ನ ಪುಣ್ಯೇವ ಬಿಡವಾ” ಎಂದು ಕೊಡ ಎತ್ತಿಕೊಂಡು ಹೋದಳು.

ಅಡಿವೆಪ್ಪನಿಗೆ ಇದಾವುದೂ ಕಾಣಲಿಲ್ಲ. ಅವನು ಅಳಿಯನನ್ನು ತಲೆಯ ಮೇಲೆ ಕೂರಿಸಿಕೊಂಡು ಮೆರೆಯುತ್ತಿದ್ದ. ಸೈಕಲ್ ಅಂಗಡಿ ತೆರೆಯುವ ಮೊದಲು ಬ್ಯಾಂಕಿಗೆ ಬಂದು, ಕುರ್ಚಿಯ ಧೂಳು ಒರೆಸಿ, ಚಕ್ರಕ್ಕೆ ಎಣ್ಣೆ ಬಿಟ್ಟು ಹೋಗುತ್ತಿದ್ದ. ಸಾಲಿನಲ್ಲಿ ನಿಂತ ಜನ ಗದ್ದಲ ಮಾಡಿದರೆ, “ಏ, ಸುಮ್ಮ ನಿಂದ್ರಿ. ಅಳಿಯಾವ್ರಿಗೆ ತ್ರಾಸ ಆಗತೈತಿ” ಎಂದು ಗದರುತ್ತಿದ್ದ. ಬ್ಯಾಂಕು ಯಾರದೋ ಎತ್ತಿನ ಗಾಡಿ ಜಪ್ತಿ ಮಾಡಿದರೆ ಗಾಡಿಯವನಿಗೇ ಬಯ್ಯುತ್ತಿದ್ದ. ಒಮ್ಮೆ ಬೇಸಿಗೆಯಲ್ಲಿ ಕರೆಂಟ್ ಹೋದಾಗ ಮ್ಯಾನೇಜರನನ್ನು ಎಬ್ಬಿಸಿ ನಿಲ್ಲಿಸಿ, ಬೆವರುತ್ತಿದ್ದ ಜನರೆದುರಿಗೆ ಖಾಲಿ ಕುರ್ಚಿಗೆ ಬೀಸಣಿಗೆಯಿಂದ ಗಾಳಿ ಹಾಕಿದ.

ಅಷ್ಟರಲ್ಲಿ ದುಂಡವ್ವ ರಾಚಪ್ಪನ ಹಿಟ್ಟಿನ ಗಿರಣಿಗೆ ಹೋಗುವುದು ಹೆಚ್ಚಾಯಿತು. ಒಬ್ಬಳಿಗೆ ಎಷ್ಟು ಜೋಳ ಬೇಕು ನೀವೇ ಹೇಳಿ. ರಾಚಪ್ಪ ಹುಬ್ಬಿನಿಂದ ಹೆಬ್ಬೆರಳಿನವರೆಗೆ ಹಿಟ್ಟು ಮೆತ್ತಿಕೊಂಡ ಮನುಷ್ಯ. ಮುಖ ತೊಳೆದರೆ ಹೇಗಿದ್ದಾನೆ ಎಂದು ಊರಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಗಿರಣಿಯ ಸಪ್ಪಳದಲ್ಲಿ ಪಿಸುಮಾತಿಗೆ ಜಾಗವೆಲ್ಲಿ? ಒಬ್ಬರ ಕಿವಿಯಲ್ಲಿ ಒಬ್ಬರು ಕಿರುಚಿಯೇ ಮಾತಾಡಬೇಕು. ಒಂದು ದಿನ ಹೀಗೇ ಕಿರುಚುತ್ತಿದ್ದಾಗ ಯಂತ್ರದ ಪಟ್ಟಾ ಜಾರಿ ಗಿರಣಿ ಗಪ್ಪನೆ ನಿಂತಿತು. ಆ ನಿಶ್ಶಬ್ದದಲ್ಲಿ, ಬುಟ್ಟಿ ಹಿಡಿದು ನಿಂತ ಅಷ್ಟೂ ಹೆಂಗಸರ ಎದುರಿಗೆ, ಅವಳ ಮಾತಿನ ಬಾಲ ಗಣಗಣ ಕೇಳಿಸಿತು: “...ನಿನ್ನ ಬಿಟ್ಟ ನನಗ ಇರಾಕ ಆಗೂದಿಲ್ಲೋ!” ರಾಚಪ್ಪ ಹಿಟ್ಟಿನೊಳಗಿಂದಲೇ ಕೆಂಪಾದ. ದುಂಡವ್ವ ಸೆರಗು ಕೊಡವಿ, “ಕೇಳಿದ್ರಿಲ್ಲೋ? ಚಲೋ ಆತು, ಮನಿಮನಿಗೆ ಹೋಗಿ ಹೇಳೂದು ತಪ್ಪಿತು” ಎಂದು ಹಿಟ್ಟು ಹೊತ್ತುಕೊಂಡು ಹೊರಟಳು.

ಮರುದಿನ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ತನಗೆ ಬಿಡುಗಡೆ ಬೇಕು, ರಾಚಪ್ಪನನ್ನು ಮದುವೆಯಾಗಬೇಕು ಎಂದು ದುಂಡವ್ವ ಯಾವ ನಾಚಿಕೆಯೂ ಇಲ್ಲದೆ ಹೇಳಿದಳು. ಮುದಿಗೌಡರು ಗಡ್ಡ ನೀವಿಕೊಂಡರು. ಬ್ಯಾಂಕಿನ ಗೋಡೆಯೊಳಗೆ ಅವರ ಸೊಸೆಯಂದಿರ ಬಂಗಾರವೆಲ್ಲ ಇತ್ತು. ಯಾರೂ ಬಾಯಿ ಬಿಡುವ ಮೊದಲೇ ಅಡಿವೆಪ್ಪ ಎದ್ದ, ಮಗಳ ಪರವಾಗಿ ಅಲ್ಲ. “ನನ್ನ ಅಳ್ಯಾ ಏನ ತಪ್ಪ ಮಾಡ್ಯಾನ, ಹೇಳಲೆವ್ವಾ. ಒಂದ ದಿನಾರ ನಿನ್ನ ಮ್ಯಾಲ ಕೈ ಎತ್ತ್ಯಾನೇನು?”

“ಕೈ ಅದಾವ, ಎತ್ತಾಕ ಬರಬೇಕಲ್ಲೇನಪ್ಪಾ!”

ಜನ ನಕ್ಕರು, ತೀರ್ಪು ಮಾತ್ರ ಅಡಿವೆಪ್ಪನ ಕಡೆಗೇ ಆಯಿತು. ಬಿಡುಗಡೆಯ ಸೋಡಚೀಟಿ ಇಲ್ಲ ಅಂದರೆ ಇಲ್ಲ. ದುಂಡವ್ವ ನೇರ ಬ್ಯಾಂಕಿಗೆ ಹೋಗಿ, ತಾಳಿ ಬಿಚ್ಚಿ ಕುರ್ಚಿಯ ಕೈಗೆ ನೇತುಹಾಕಿ, ಗಿರಣಿಯ ಮುಂದೆ ಬಂದು ಕಲ್ಲಿನ ಮೇಲೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಬ್ಯಾಂಕಿನ ಛತ್ತಿನಿಂದ ಗಾರೆ ಉದುರಿ ಮ್ಯಾನೇಜರನ ಚಹಾದಲ್ಲಿ ಬಿತ್ತು. ಆಗ ಇದ್ದವನು ಪಡಿಯಾರ ಎಂಬ ಕರಾವಳಿಯ ಮನುಷ್ಯ, ಬಲು ಮೆತ್ತಗಿನವನು. ಅಂಗಿ ಜಾಡಿಸಿಕೊಳ್ಳುತ್ತ ಗಿರಣಿಗೆ ಓಡಿಬಂದ. “ಎಂತ ವೈನಿ ಇದು? ನಾನು ಮೇಲಿನವರಿಗೆ ಎಂತ ಹೇಳುವುದು? ಗೋಡೆಗೆ ಬೇಜಾರಾಗಿದೆ ಅಂತ ಹೇಳ್ಲಿಕ್ಕಾಗ್ತದಾ?” ಅವನ ಹಿಂದೆ ಅರ್ಧ ಊರೇ ಬಂತು. ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು, ಕ್ಯಾಶಿಯರ್ ಮೇಜಿನ ಕೆಳಗೆ ಕೂತಿದ್ದಾನೆ, ಹೊರಗೆ ಬರಲು ಒಪ್ಪುತ್ತಿಲ್ಲ ಎಂದರು.

ಕ್ಯಾಶಿಯರನ ಮೇಲಿನ ಕನಿಕರಕ್ಕೆ ಅವಳು ತಿರುಗಿ ಹೋಗಿ ತಾಳಿ ಹಾಕಿಕೊಂಡಳು. ಬಿರುಕು ಕೂಡಿಕೊಂಡಿತು. ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: “ಪಂಚಮಿತನಾ ಇರ್ತೇನಿ. ಅಷ್ಟರೊಳಗ ನಿಮ್ಮ ನಿಮ್ಮ ಬಂಗಾರ ತಗೊಂಡ ಹೋಗ್ರಿ. ಪಂಚಮಿ ದಿನ ನಾ ಹೋಗಾಕಿ. ಗ್ವಾಡಿ ನಿಂತರೂ ಹೋಗಾಕಿ, ಬಿದ್ದರೂ ಹೋಗಾಕಿ.”

ಬಂಗಾರ ತೆಗೆದುಕೊಂಡು ಹೋಗಬಹುದಿತ್ತು. ಆದರೆ ಪಕ್ಕದ ಊರಿನವರು ನಗುತ್ತಾರಲ್ಲ? ನಮ್ಮೂರಿಗೆ ಬಂಗಾರಕ್ಕಿಂತ ಆ ಚಿಂತೆ ದೊಡ್ಡದಾಯಿತು. ಅಡಿವೆಪ್ಪನ ಚಿಂತೆ ಬೇರೆ. ಅವನು ಅನ್ನ ನೀರು ಬಿಟ್ಟ. ಬೀದಿಯಲ್ಲಿ ಜನ ಅವನಿಗೆ ನಮಸ್ಕಾರ ಹೇಳುತ್ತಿದ್ದದ್ದು ಬ್ಯಾಂಕಿನ ಮಾವ ಎಂದು, ಅವನಿಗೂ ಅದು ಚೆನ್ನಾಗಿ ಗೊತ್ತಿತ್ತು. ಕೆಲವು ದಿನ ಕುರ್ಚಿಯ ಪಕ್ಕದಲ್ಲೇ ಮಂಕಾಗಿ ಕೂತಿದ್ದವನು ಒಂದು ಮುಂಜಾನೆ ಮುದಿಗೌಡರ ಮನೆಗೆ ಹೋಗಿ, “ನಾ ಅವನ್ನ ದತ್ತಕ ತಗೋತೇನಿ ಗೌಡ್ರ” ಅಂದ. ಅಳಿಯ ಎಂದರೆ ಮಗಳು ಇರುವ ತನಕ, ಮಗ ಎಂದರೆ ಕಡೇತನಕ. ದುಂಡವ್ವ ಎಲ್ಲಿಗಾದರೂ ಹೋಗಲಿ, ಬ್ಯಾಂಕು ತನ್ನ ಮಗನಾಗಿಬಿಟ್ಟರೆ ಗೋಡೆಯನ್ನು ಯಾರು ಬೀಳಿಸುತ್ತಾರೆ? ಮನೆ, ಅಂಗಡಿ, ಹಿತ್ತಲು ಎಲ್ಲವನ್ನೂ ಆ ಮಗನ ಹೆಸರಿಗೆ ಬರೆಯುತ್ತೇನೆ ಎಂದ. ಮುದಿಗೌಡರು ಎದ್ದು ಅವನನ್ನು ತಬ್ಬಿಕೊಂಡರಂತೆ.

ಆ ಸುದ್ದಿ ಕೇಳಿ ದುಂಡವ್ವ ನಮ್ಮ ಮನೆಗೆ ಬಂದು ಗೋಡೆಗೊರಗಿ ಕೂತಳು. ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. “ಮನಿ ಹೋದ್ರ ಹೋಗಲಿ. ನಾ ಸಣ್ಣಾಕಿದ್ದಾಗ ಅವ್ವ ಆ ಪಡಸಾಲ್ಯಾಗ ನನಗ ಜೋಕಾಲಿ ಕಟ್ಟಿದ್ಲು. ಪಂಚಮಿಗೆ ಬಂದು ಕುಂದ್ರಾಕ ಒಂದ ತವರಮನಿ ಬೇಕಲ್ಲೇನ? ಅದನ್ನೂ ಅವಗ ಕೊಡ್ತಾನಂತ” ಎಂದಳು. ಅಡಿವೆಪ್ಪನ ಕಾಲು ಮುರಿಯಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿ, ಅವಳಿಗೆ ಚಹಾ ಕಾಸಿ ಕೊಟ್ಟೆ.

ಪಂಚಮಿಯ ಹಿಂದಿನ ದಿನ ಬ್ಯಾಂಕಿನೊಳಗೇ ದತ್ತಕದ ಕಾರ್ಯ. ಪಡಿಯಾರ ಮುಖ ಹುಳ್ಳಗೆ ಮಾಡಿಕೊಂಡು ಒಂದು ಮೂಲೆಗೆ ನಿಂತಿದ್ದ. ದತ್ತಕ ಹೋಗುವ ಮಗು ತಂದೆಯ ತೊಡೆಯ ಮೇಲೆ ಕೂರಬೇಕು, ಅದು ಪದ್ಧತಿ. ಅಡಿವೆಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಇಬ್ಬರು ಗಟ್ಟಿಮುಟ್ಟಾದ ಗಂಡಸರು ಕುರ್ಚಿಯನ್ನು ಎತ್ತಿ ಅವನ ತೊಡೆಯ ಮೇಲೆ ಇಟ್ಟರು. ಮಗ ಕೂತ ಭಾರಕ್ಕೆ ಅಪ್ಪನ ಕಣ್ಣಲ್ಲಿ ನೀರು ಬಂತು. ಆ ನೀರು ಸಂತೋಷದ್ದು ಎಂದು ಅವನು ಆಮೇಲೂ ಹೇಳುತ್ತಿದ್ದ. ಬಸಲಿಂಗಜ್ಜಿ ಕುರ್ಚಿಯ ಬೆನ್ನಿಗೆ ಬಾಯಿ ಹಚ್ಚಿ ಅಡಿವೆಪ್ಪನ ಮನೆತನದ ಹೆಸರು ಕೂಗಿದಳು. ಛತ್ತಿನಲ್ಲಿ ಇನ್ನೂ ಉದುರುತ್ತಿದ್ದ ಚೂರುಪಾರು ಗಾರೆ ತಟ್ಟನೆ ನಿಂತಿತು. ಗೋಡೆಗಳು ಹೊಸದಾಗಿ ಕಟ್ಟಿದಷ್ಟು ನೆಟ್ಟಗಾದವು. ಜನ ಚಪ್ಪಾಳೆ ಹೊಡೆದರು. ಎಲ್ಲರ ಕೈಗೂ ಸಕ್ಕರೆ ಬಂತು.

ದುಂಡವ್ವ ಬಾಗಿಲ ಹತ್ತಿರ ನಿಂತಿದ್ದಳು, ಕೈಯಲ್ಲಿ ಸಕ್ಕರೆ ಹಾಗೇ ಇತ್ತು. ಅವಳು ಸುಮ್ಮನೆ, ದನಿ ಏರಿಸದೆ ಕೇಳಿದಳು: “ಅಪ್ಪಾ, ಹಂಗಾದ್ರ ಇಂವ ಈಗ ನನಗ ಏನಾಗಬೇಕು?”

ಸಕ್ಕರೆ ಚಪ್ಪರಿಸುತ್ತಿದ್ದವರೆಲ್ಲ ಬೆರಳು ಮಡಚಿ ನಂಟು ಎಣಿಸತೊಡಗಿದರು. ಅಡಿವೆಪ್ಪನ ಮಗಳು, ಅಡಿವೆಪ್ಪನ ಮಗ. ಎಲ್ಲಕ್ಕಿಂತ ಮೊದಲು ಬಸಲಿಂಗಜ್ಜಿಗೆ ಹೊಳೆಯಿತು. “ಅಯ್ಯ ಶಿವನ! ಅಕ್ಕ-ತಮ್ಮ! ಅಕ್ಕ-ತಮ್ಮ ಒಂದ ಮನ್ಯಾಗ ಗಂಡ-ಹೆಂಡ್ತಿ ಅಂತ! ಥೂ ಥೂ ಥೂ!” ಎಂದು ಬಾಯಿ ಬಡಿದುಕೊಂಡಳು. ಆಮೇಲೆ ಎದ್ದ ಗದ್ದಲ ಕೇಳಬೇಡಿ. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು, ಏನು ಕಾಣಬಾರದ್ದಿತ್ತೋ ದೇವರೇ ಬಲ್ಲ. ಹತ್ತು ಮಂದಿ ಅಡಿವೆಪ್ಪನನ್ನು ಬಯ್ದರು. ಅವನು ಕುರ್ಚಿಯ ಕೆಳಗೆ ಸಿಕ್ಕಿಕೊಂಡಿದ್ದರಿಂದ ಎದ್ದು ಉತ್ತರ ಕೊಡಲಾಗಲಿಲ್ಲ. “ಮಗಳು ಹೊಳ್ಳಿ ತವರಿಗೆ ಬರಬಾರದು ಅಂತ ತಮ್ಮನ ಕೂಡ ಸಂಸಾರ ಮಾಡಸ್ತೀಯೇನೋ ಪಾಪಿ?” ಎಂದು ಗೌಡರೇ ಕೋಲು ಎತ್ತಿದರು.

ಬಿಡುಗಡೆ ಇಲ್ಲವೇ ಇಲ್ಲ ಅಂದಿದ್ದ ಊರು ಅವಳನ್ನು ಬಿಡಿಸಲು ತಾಮುಂದು ನಾಮುಂದು ಎಂದು ಮುಗಿಬಿತ್ತು. ಬಸಲಿಂಗಜ್ಜಿ ತಾನೇ ಕಟ್ಟಿದ ತಾಳಿಯನ್ನು ತಾನೇ ಬಿಚ್ಚಿ ಬಾವಿಗೆ ಎಸೆದಳು. ಅವಳ ಟ್ರಂಕು, ಪಾತ್ರೆ, ಹಾಸಿಗೆ ಎಲ್ಲ ಯಾರು ಯಾರೋ ಹೊತ್ತು ಅಡಿವೆಪ್ಪನ ಮನೆಗೆ ಸಾಗಿಸಿದರು. ಸುದ್ದಿ ಪಕ್ಕದ ಊರಿಗೆ ಮುಟ್ಟುವ ಮೊದಲು ಹುಡುಗಿಗೆ ಗಂಡು ನೋಡಿ ದಡ ಸೇರಿಸಬೇಕು ಎಂದು ಗೌಡರು ಅವಸರ ಮಾಡಿದರು. ಗಂಡು ನೋಡುವ ತ್ರಾಸವಿರಲಿಲ್ಲ. ರಾಚಪ್ಪ ಆ ಹೊತ್ತಿಗೆ ಮುಖ ತೊಳೆದುಕೊಂಡು ಬ್ಯಾಂಕಿನ ಮುಂದೆ ಬಂದು ನಿಂತಿದ್ದ. ಯಾರೋ ಪರ ಊರಿನವನು ಎಂದು ನಾನೇ ಅವನಿಗೆ ದಾರಿ ಬಿಡಪಾ ಅಂದೆ. ನೋಡಿದರೆ ಚೆಲುವ!

ಆ ವಾರವೆಲ್ಲ ದುಂಡವ್ವ ನೆಲದ ಮೇಲೆ ನಡೆಯಲಿಲ್ಲ. ರಾಚಪ್ಪ ಸಿಕ್ಕ ಸಂತೋಷ ಒಂದು ಪಾಲಾದರೆ ಅಪ್ಪನ ಸಂತೋಷ ಎರಡು ಪಾಲು. “ಗೊತ್ತಾತಿಲ್ಲೋ ನಿನಗ? ಅಪ್ಪ ಬೇಕಂತನ ಮಾಡ್ಯಾನ. ಊರಿನವ್ರ ಮುಂದ ಮಗಳ ಕಡೆ ನಿಂತ್ರ ಯಾರೂ ಬಿಡತಿರಲಿಲ್ಲ. ಅದಕ್ಕ ಬ್ಯಾಂಕಿನ ಕಡೆ ನಿಂತಾಂಗ ಮಾಡಿ ನನ್ನ ಬಿಡಿಸಿದ. ಮನಿ ಹೋತು, ಹೋಗಲೇಳು. ನನ್ನ ಸಲುವಾಗಿ ಮನಿ ಕಳಕೊಂಡಾನ ನೋಡು ನನ್ನಪ್ಪ!” ಎಂದು ಬಳೆ ತೊಡಿಸಿಕೊಳ್ಳುತ್ತ ನನಗೆ ಹೇಳಿದಳು. ಅವಳ ಕಣ್ಣು ತುಂಬಿ ಬಂದಿತ್ತು. ಅಡಿವೆಪ್ಪನನ್ನೂ ಕೇಳಿದಳು. ಅವನು ನೀರಿನ ಬುಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದ. ಹ್ಞೂಂ ಅಂದ. ಅದು ಅವಳಿಗೆ ಕೊಟ್ಟ ಉತ್ತರವೋ, ತೂತು ಸಿಕ್ಕಿದ್ದಕ್ಕೆ ಅಂದದ್ದೋ ನನಗೆ ತಿಳಿಯಲಿಲ್ಲ. ಅವಳು ಉತ್ತರ ಎಂದೇ ಹಿಡಿದಳು. ನಾನೂ ನಂಬಿದೆ, ಸುಳ್ಳೇಕೆ ಹೇಳಲಿ. ಅವನಿಗೆ ಹಾಕಿದ್ದ ಶಾಪ ವಾಪಸ್ ತೆಗೆದುಕೊಂಡೆ.

ಮದುವೆ ಗಿರಣಿಯ ಅಂಗಳದಲ್ಲಿ ಆಯಿತು. ಅಂದು ಗಿರಣಿ ಬಂದ್ ಇದ್ದುದರಿಂದ ಅವರಿಬ್ಬರೂ ಮೊದಲ ಸಲ ಮೆಲ್ಲಗೆ ಮಾತಾಡಿದರು, ಅಭ್ಯಾಸವಿಲ್ಲದೆ ನಾಚಿಕೊಂಡರು. ಮದುಮಗಳ ತಮ್ಮ ಮದುವೆಗೆ ಬರದಿದ್ದರೆ ಹೇಗೆ? ಅಡಿವೆಪ್ಪ ಕುರ್ಚಿಗೆ ಹೊಸ ಟೋಪಿ ಹಾಕಿ, ತಾನೇ ಉರುಳಿಸಿಕೊಂಡು ಬಂದ. ಪಡಿಯಾರ ಅದರ ಹಿಂದೆ ಹಿಂದೆ ಬಂದು, ದುಂಡವ್ವನ ಮುಂದೆ ಕೈ ಮುಗಿದು, “ಇನ್ನು ಮೇಲೆ ವೈನಿ ಅಂತ ಕರೀಲಿಕ್ಕಿಲ್ಲ ಅಲ್ವಾ? ಅಕ್ಕ ಅಂತ ಕರೆದರೆ ಆಗ್ತದಾ?” ಎಂದು ಕೇಳಿದ. ಆಗ್ತದ ಅಂದಳು ಅವಳು, ನಕ್ಕಳು. ಅಷ್ಟು ನಗುವನ್ನು ಅವಳ ಮುಖದ ಮೇಲೆ ನಾನು ಕಂಡದ್ದು ಅದೇ ಮೊದಲು.

ಊಟಕ್ಕೆ ಮದುಮಕ್ಕಳ ಪಂಕ್ತಿಯಲ್ಲೇ ಕುರ್ಚಿಗೂ ಒಂದು ಎಲೆ ಹಾಕಿದ್ದರು. ದುಂಡವ್ವ ನಡುವೆ, ಅವಳ ಬಲಕ್ಕೆ ರಾಚಪ್ಪ, ಎಡಕ್ಕೆ ನಾನು, ನನ್ನಿಂದ ಆಚೆಗೆ ಕುರ್ಚಿ. ಹೋಳಿಗೆ ಬಡಿಸಿಯಾಗಿತ್ತು. ಮಗಳನ್ನು ಕೊಟ್ಟ ತಂದೆ ಮೊದಲು ಮಗಳ ಎಲೆಗೆ ತುಪ್ಪ ಹಾಕಿದ ಮೇಲೆ ಉಳಿದವರು ಕೈ ಹಚ್ಚುವುದು ನಮ್ಮಲ್ಲಿ ರೂಢಿ. ಅಡಿವೆಪ್ಪ ಹೊಸ ಧೋತರ ಉಟ್ಟು, ತುಪ್ಪದ ಗಿಂಡಿ ಹಿಡಿದು ಒಳಗಿನಿಂದ ಬಂದ. ದುಂಡವ್ವ ಸೆರಗು ಸರಿಮಾಡಿಕೊಂಡು, ಹೋಳಿಗೆಯ ನಡುವೆ ಬೆರಳಿನಿಂದ ಒಂದು ಗುಳಿ ಮಾಡಿ, ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಇಡೀ ಪಂಕ್ತಿ ಕಾಯುತ್ತಿತ್ತು.

ಅವನು ಅವಳ ಎಲೆಯನ್ನು ದಾಟಿದ. ನನ್ನ ಎಲೆಯನ್ನು ದಾಟಿದ. ಕುರ್ಚಿಯ ಮುಂದೆ ಮಂಡಿಯೂರಿ, ಅದರ ಹೋಳಿಗೆಗಳ ಮೇಲೆ ತುಪ್ಪ ಸುರಿದ. ಸುರಿಯುತ್ತಲೇ ಇದ್ದ. ತುಪ್ಪ ಎಲೆ ತುಂಬಿ, ಅಂಚು ದಾಟಿ, ಸಗಣಿ ಸಾರಿಸಿದ ನೆಲಕ್ಕೆ ಹರಿಯಿತು. “ಉಣ್ಣಪಾ ಮಗನ, ಸಾವಕಾಶ ಉಣ್ಣು. ಆಕೀದೇನ, ಕೊಟ್ಟ ಮನಿಗೆ ಹೋಗಾಕಿ. ಕಡೇತನಾ ನನಗ ನೀನ ಅಲ್ಲೇನ” ಎಂದು ಕುರ್ಚಿಯ ಕೈ ಸವರಿದ. ಅವನು ಯಾವ ಉಪಾಯವನ್ನೂ ಮಾಡಿರಲಿಲ್ಲ. ಅವನಿಗೆ ನಿಜವಾಗಿಯೂ ಮಗ ಬೇಕಾಗಿತ್ತು, ಮಗ ಸಿಕ್ಕಿದ್ದ, ಅಷ್ಟೇ. ಅದನ್ನು ನಾನು ತಿಳಿದುಕೊಂಡ ಗಳಿಗೆಯಲ್ಲೇ ದುಂಡವ್ವನೂ ತಿಳಿದುಕೊಂಡಳು. ಅಪ್ಪನ ಮುಖದ ಮೇಲಿದ್ದ ಕಣ್ಣನ್ನು ಅವಳು ತನ್ನ ಹೋಳಿಗೆಯ ಒಣ ಗುಳಿಗೆ ಇಳಿಸಿದಳು.

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಪಂಕ್ತಿಯ ಆ ತುದಿಗೂ ಕೇಳುವಂತೆ, ಗಿರಣಿಯ ಅಭ್ಯಾಸದ ದನಿಯಲ್ಲಿ, “ಏನ ಅಡಿವೆಪ್ಪತನಪಾ ನಿಂದು!” ಅಂದಳು.

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ, ಆಮೇಲೆ ಎಲ್ಲರಿಗೂ ತಿಳಿಯಿತು. ಗೌಡರು ಕೆಮ್ಮುವಷ್ಟು ನಕ್ಕರು. ಪಡಿಯಾರನೂ ನಕ್ಕ, ಪಾಪ, ಕೆಲಸ ಹೋಗುವ ಭಯವಿಲ್ಲದೆ. ಬಡಿಸುವವರು ಆ ಮಾತನ್ನು ಹೊತ್ತುಕೊಂಡು ಎರಡನೇ ಪಂಕ್ತಿಗೆ ಹೋದರು. ಹಂದರದ ಹೊರಗೆ ಚಪ್ಪಲಿ ಕಾಯುತ್ತಿದ್ದವನು ಅದನ್ನು ಆಗಲೇ ಇನ್ನೊಬ್ಬನ ಮೇಲೆ ಪ್ರಯೋಗ ಮಾಡುತ್ತಿದ್ದ.

ಅಡಿವೆಪ್ಪ ಮಾತ್ರ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಊರು ತನ್ನ ಹೆಸರನ್ನು ಯಾಕೆ ಕೂಗುತ್ತಿದೆ ಎಂದು ಅತ್ತಿತ್ತ ನೋಡಿದ. ಆಮೇಲೆ ನೆನಪಾದವನಂತೆ ಎದ್ದು ಮಗಳ ಎಲೆಯ ಹತ್ತಿರ ಬಂದು ಗಿಂಡಿ ಬಗ್ಗಿಸಿದ. ಏನೂ ಬೀಳಲಿಲ್ಲ. ಪೂರ್ತಿ ಬೋರಲು ಮಾಡಿ ಹಿಂದೆ ಎರಡು ಸಲ ತಟ್ಟಿದ. ತಳದಲ್ಲಿ ಹೆಪ್ಪುಗಟ್ಟಿ ಉಳಿದಿದ್ದ ಚೂರು ಹೋಳಿಗೆಯ ಗುಳಿಯೊಳಗೆ ಬಿತ್ತು.

“ಇನ್ನೊಂದೀಟ ತರಲೇನವಾ?” ಎಂದು ಕೇಳಿದ.

“ಸಾಕಪ್ಪಾ” ಅಂದಳು ದುಂಡವ್ವ. ಹೋಳಿಗೆಯ ಒಂದು ತುಂಡು ಮುರಿದು ಆ ತುಪ್ಪಕ್ಕೆ ಒತ್ತಿ ಬಾಯಿಗೆ ಇಟ್ಟುಕೊಂಡಳು.